ಕಕಾಡು: ಜಲಪಾತ ಬೇಕೋ, ಹಕ್ಕಿ ಬೇಕೋ?

ಹೆಸರಿನಲ್ಲಿ ನಮ್ಮ ‘ಕಾಡು’ ಇದೆಯೆಂದು ಖುಷಿಪಡಬೇಡಿ. ಗಾಗುಜು ಎಂಬ ಅಲ್ಲಿನ ಭಾಷೆಯ ಹೆಸರು ಬಿಳಿಯರ ಬಾಯಲ್ಲಿ ಕೆಟ್ಟು ಕಕಾಡು ಆಯಿತು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಈ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 20,000 ಚದರ ಕಿ.ಮೀ.ಗೆ ತುಸು ಕಡಿಮೆ. ನಮ್ಮ ನಾಗರಹೊಳೆಯಂಥ ಸುಮಾರು ಮೂವತ್ತು ಉದ್ಯಾನಗಳು ಇದರೊಳಗೆ ಕೂರುತ್ತವೆ. ಡಾರ್ವಿನ್‌ನಿಂದ ಉದ್ಯಾನದೊಳಗಿನ ಜಬಿರು ಊರಿಗೆ ಸುಮಾರು 250 ಕಿ.ಮೀ., ಡಾಂಬರು ರಸ್ತೆ, ಮೂರು ತಾಸು.

ಮೇಯಿಂದ ಅಕ್ಟೋಬರ್‌ವರೆಗೆ ಒಣಗಾಲ, ಯಾವಾಗ ಹೋದರೂ ಸರಿ ಎನ್ನುತ್ತಾರೆ. ಅದು ಅರ್ಧ ಸತ್ಯ. ಇಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಜನ ವರ್ಷವನ್ನು ಆರು ಕಾಲಗಳಾಗಿ ಎಣಿಸುತ್ತಾರೆ. ಒಣಗಾಲವೊಂದರಲ್ಲೇ ಮೂರು: ಯೆಗ್ಗೆ, ವುರ್ಗೆಂಗ್, ಗುರ್ರುಂಗ್. ಜೂನ್‌ನ ಕಕಾಡು ಬೇರೆ, ಸೆಪ್ಟೆಂಬರ್‌ನ ಕಕಾಡು ಬೇರೆ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಇದು ತೀರ್ಮಾನವಾಗಿರಬೇಕು.

ಜಲಪಾತ ನೋಡಬೇಕೆಂದರೆ ಜೂನ್. ಸುಮಾರು 200 ಮೀಟರ್ ಎತ್ತರದ ಜಿಮ್ ಜಿಮ್ ಜಲಪಾತ ಭೋರ್ಗರೆಯುವುದು ಮಳೆಗಾಲದಲ್ಲಿ. ಆಗ ರಸ್ತೆ ನೀರಿನಡಿ ಇರುತ್ತದೆ, ವಿಮಾನದಿಂದಷ್ಟೇ ನೋಡಬಹುದು. ರಸ್ತೆ ತೆರೆಯುವ ಹೊತ್ತಿಗೆ ನೀರು ಸೊರಗಿರುತ್ತದೆ. ಆಗಸ್ಟ್ ಹೊತ್ತಿಗೆ ಸಾಮಾನ್ಯವಾಗಿ ಉಳಿಯುವುದು ಬೋಳು ಬಂಡೆ, ಅದರ ಬುಡದಲ್ಲೊಂದು ಮಡು. ಆ ಮಡುವೂ ಚೆಂದವೇ, ಆದರೆ ಪೋಸ್ಟರ್ ನೋಡಿ ಹೋದವರಿಗೆ ನಿರಾಸೆ ಖಂಡಿತ.

ದಾರಿಯ ಕಥೆ ಇನ್ನೊಂದು. ಕಕಾಡು ಹೆದ್ದಾರಿಯಿಂದ ತಿರುಗಿದ ಮೇಲೆ ಸುಮಾರು 60 ಕಿ.ಮೀ. ಗಾರ್ನಮಾರ್ ಕ್ಯಾಂಪ್‌ವರೆಗಿನ 50 ಕಿ.ಮೀ. ಮೈಮೂಳೆ ಅಲ್ಲಾಡಿಸಬಹುದು, ಕೊನೆಯ 10 ಕಿ.ಮೀ. ಮರಳು, ಕಲ್ಲು. ಅಲ್ಲಿಗೆ ಎತ್ತರದ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಕೆಡುವುದು ಹೆಚ್ಚಾಗಿ ಟೈರ್ ವಿಷಯದಲ್ಲಿ. ಹೆದ್ದಾರಿಗೆ ತುಂಬಿಸಿದ ಗಾಳಿಯಲ್ಲೇ ಅಡ್ಡಗೆರೆ ಬಿದ್ದ ಮಣ್ಣು ರಸ್ತೆಗೆ ಇಳಿದರೆ ಗಾಡಿ ಕುಣಿಯುತ್ತದೆ, ಟೈರ್ ಹಿಡಿತ ಬಿಡುತ್ತದೆ. ಹೊರೆ ನೋಡಿಕೊಂಡು ಟೈರ್ ಗಾಳಿಯನ್ನು 28 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಮೆತ್ತನೆಯ ಮರಳಿನಲ್ಲಿ ಇನ್ನೂ ಕಡಿಮೆ ಮಾಡಿ, ವೇಗವನ್ನೂ ತಗ್ಗಿಸಿ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲವಾದರೆ ಟೈರ್ ಕಾದು ಸಿಡಿಯಬಹುದು. ಹಾಗಾಗಿ 12 ವೋಲ್ಟ್‌ನ ಗಾಳಿ ಪಂಪ್ ಜೊತೆಗಿರಲಿ. ಗಾಡಿ ನಿಲ್ಲಿಸಿದ ಮೇಲೆ ಒಂದು ಕಿ.ಮೀ.ಯಷ್ಟು ನಡಿಗೆ, ಅದರಲ್ಲೂ ಕೊನೆಗೆ ಮನೆಗಾತ್ರದ ಬಂಡೆಗಳ ಮೇಲೆ. ಚಪ್ಪಲಿ ನಡೆಯುವುದಿಲ್ಲ.

ಬಾಡಿಗೆ ಗಾಡಿಯ ಒಪ್ಪಂದವನ್ನು ಓದಿಯೇ ಸಹಿ ಹಾಕಿ. ಫೋರ್ ವೀಲ್ ಡ್ರೈವ್ ಕೊಟ್ಟ ಮಾತ್ರಕ್ಕೆ ಈ ರಸ್ತೆಗೆ ಅನುಮತಿ ಸಿಕ್ಕಂತಲ್ಲ. ಹಳ್ಳ ದಾಟುವಾಗ ಆಗುವ ಹಾನಿಗೆ ಹಲವು ಕಡೆ ವಿಮೆ ಇಲ್ಲ. ಊರಾಚೆ ಸೂರ್ಯ ಮುಳುಗಿದ ಮೇಲೆ ಓಡಿಸಬಾರದೆಂಬ ಷರತ್ತೂ ಇರುತ್ತದೆ. ಅದಕ್ಕೆ ಕಾರಣವಿದೆ: ಮುಸ್ಸಂಜೆಗೆ ವಾಲಬಿಗಳು (ಸಣ್ಣ ಜಾತಿಯ ಕಾಂಗರೂಗಳು) ರಸ್ತೆಗೆ ಹಾರುತ್ತವೆ, ಕಾಡು ಸೇರಿದ ಎಮ್ಮೆಗಳೂ ಅಡ್ಡ ಬರುತ್ತವೆ.

ಜಿಮ್ ಜಿಮ್ ಯಾವತ್ತು ತೆರೆಯುತ್ತದೆಂದು ಮೊದಲೇ ಹೇಳಲಾಗದು. ರಸ್ತೆ ಒಣಗಿದರೆ ಸಾಲದು, ನೆರೆಯಲ್ಲಿ ಮೇಲೇರಿ ಬಂದ ಉಪ್ಪುನೀರಿನ ಮೊಸಳೆಗಳನ್ನು ರೇಂಜರ್‌ಗಳು ಹುಡುಕಿ ಹಿಡಿಯಬೇಕು. ಮಡುವಿನಲ್ಲಿ ಕಟ್ಟಿದ ಬೆಂಡುಗಳು ತೇಲುತ್ತಿರುತ್ತವೆ. ಮೊಸಳೆಗೆ ಅವನ್ನು ಕಚ್ಚಿ ನೋಡುವ ಚಟ, ಹಲ್ಲಿನ ಗುರುತು ಬಿದ್ದರೆ ಒಂದು ಒಳಗಿದೆ ಎಂದರ್ಥ. ಈಜಬೇಡಿ ಎಂಬ ಫಲಕವಿದ್ದ ಕಡೆ ಅಂಚಿನಲ್ಲಿ ಕಾಲು ತೊಳೆಯುವುದೂ ಬೇಡ.

ಜೂನ್‌ನಲ್ಲಿ ರಸ್ತೆ ಬದಿ ಹೊಗೆ ಕಂಡರೆ ಗಾಬರಿಯಾಗಬೇಡಿ. ವೂಲಿಬಟ್ ಎಂಬ ನೀಲಗಿರಿ ಜಾತಿಯ ಮರ ಕಿತ್ತಳೆ ಹೂ ಬಿಟ್ಟಾಗ ಹುಲ್ಲಿಗೆ ಬೆಂಕಿ ಇಡುವುದು ಇಲ್ಲಿನ ಹಳೆಯ ಪದ್ಧತಿ. ಹುಲ್ಲಿನಲ್ಲಿ ಇನ್ನೂ ಪಸೆ ಇರುವುದರಿಂದ ಬೆಂಕಿ ನೆಲಮಟ್ಟದಲ್ಲೇ ಸರಿದು ತಣ್ಣಗಾಗುತ್ತದೆ.

ಹಕ್ಕಿಗಾಗಿ ಹೋಗುವವರು ಸೆಪ್ಟೆಂಬರ್‌ವರೆಗೆ ಕಾಯಲಿ. ಬಯಲೆಲ್ಲ ಬತ್ತಿ ನೀರು ಕೆಲವೇ ಕಡೆ ಉಳಿದಾಗ ಮಾಗ್‌ಪೈ ಹೆಬ್ಬಾತುಗಳು ಸಾವಿರ ಸಾವಿರ ಬಂದು ಮಮುಕಲ ಎಂಬ ಜೌಗಿನಲ್ಲಿ ಕೆಸರು ಕೆದಕುತ್ತವೆ. ಕೂಯಿಂಡಾದ ಯೆಲ್ಲೋ ವಾಟರ್ ಮಡುವಿನ ದೋಣಿಯಾನಕ್ಕೆ ನಮ್ಮಿಂದ ಪೂರ್ತಿ ಅಂಕ, ಅದರಲ್ಲೂ ಸೂರ್ಯೋದಯದ ಎರಡು ತಾಸಿನದಕ್ಕೆ. ಅಲ್ಲಿನ ತಾವರೆ ನಮ್ಮ ಕೆರೆಯ ತಾವರೆಯೇ, ಅದೇ ಪ್ರಭೇದ. ಎಲೆಯ ಮೇಲೆ ನಡೆಯುವ ಹಕ್ಕಿ ನಮ್ಮ ದೇವನಕ್ಕಿಯ ನೆಂಟ, ನೆತ್ತಿಯಲ್ಲಿ ಕೆಂಪು ಜುಟ್ಟು. ಮರಿ ಸಾಕುವುದು ಗಂಡು. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವಚಿಕೊಂಡು ಓಡುತ್ತದೆ, ಪುಟಾಣಿ ಕಾಲುಗಳು ಹೊರಗೆ ಜೋತಾಡುತ್ತಿರುತ್ತವೆ. ಜುಲೈ ರಜೆಯಲ್ಲಿ ಸೀಟು ಬೇಗ ತುಂಬುತ್ತದೆ, ಮುಂಗಡ ಕಾದಿರಿಸಿ.

ಉಬಿರ್ ಬಂಡೆಚಿತ್ರಗಳಿಗೆ ಸಾಧಾರಣ ಕಾರು ಸಾಕು. ಸೂರ್ಯಾಸ್ತಕ್ಕೆ ಎಲ್ಲರೂ ನಾದಬ್ ಬಂಡೆ ಹತ್ತುತ್ತಾರೆ. ಎರಡು ತಾಸು ಮೊದಲೇ ಹೋದರೆ ಚಿತ್ರಗಳನ್ನು ನೆಮ್ಮದಿಯಾಗಿ ನೋಡಬಹುದು. ಪಕ್ಕದ ಮೆರ್ಲ್ ಕ್ಯಾಂಪ್‌ನಲ್ಲಿ ಸೊಳ್ಳೆಕಾಟ ವಿಪರೀತ, ಟೆಂಟಿನ ಜಾಲರಿ ಗಟ್ಟಿಯಿರಲಿ.

ಪ್ರವೇಶದ ಪಾಸ್ ಏಳು ದಿನಕ್ಕೆ, ಒಣಗಾಲದಲ್ಲಿ ದರ ಹೆಚ್ಚು. ಆನ್‌ಲೈನ್‌ನಲ್ಲೇ ತೆಗೆದು ಡಾರ್ವಿನ್ ಬಿಡುವ ಮೊದಲು ಫೋನಿನಲ್ಲಿ ಉಳಿಸಿಕೊಳ್ಳಿ, ದಾರಿಯುದ್ದ ಸಿಗ್ನಲ್ ಇಲ್ಲ. ಜಬಿರು, ಕೂಯಿಂಡಾದಲ್ಲಿ ಟೆಲ್‌ಸ್ಟ್ರಾ ಕಂಪನಿಯ ಸಿಗ್ನಲ್ ಸಿಕ್ಕೀತು. ಯಾವ ರಸ್ತೆ ತೆರೆದಿದೆ ಎಂಬ ಉದ್ಯಾನದ ವರದಿಯನ್ನು ಅಲ್ಲೇ ಬೆಳಿಗ್ಗೆ ನೋಡಿಕೊಳ್ಳಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಅಕ್ಕಿ, ಬೇಳೆ, ಅವಲಕ್ಕಿ, ಗ್ಯಾಸ್ ಒಲೆ ಡಾರ್ವಿನ್‌ನಿಂದಲೇ ಬರಲಿ. ಕುಡಿಯುವ ನೀರು ತಲೆಗೆ ದಿನಕ್ಕೆ 5 ಲೀಟರ್ ಇಟ್ಟುಕೊಳ್ಳಿ. ಅಕ್ಟೋಬರ್ ಆದರೆ ಇನ್ನಷ್ಟು, ಆಗ ಬಿಸಿಲು 37-38 ಡಿಗ್ರಿ, ಹತ್ತು ಗಂಟೆ ಮೀರಿದರೆ ಬಂಡೆ ಮುಟ್ಟಲಾಗದು.