ಎಸ್‌ಜಿ ಟೆಸ್ಟ್ ಚೆಂಡು: ಹಾಸನದ ನೆಟ್‌ನಲ್ಲಿ ಆಲ್‌ರೌಂಡರ್‌ಗೆ ಎಷ್ಟು ಉಪಯೋಗ?

ರಣಜಿ ಪಂದ್ಯ ನಡೆಯುವುದು ಎಸ್‌ಜಿ ಚೆಂಡಿನಲ್ಲಿ. ನಮ್ಮ ಕಡೆಯ ನೆಟ್‌ಗಳಲ್ಲಿ ಹುಡುಗರ ಕೈಗೆ ಹೆಚ್ಚಾಗಿ ಸಿಗುವುದು ಟೂ ಪೀಸ್, ಅಂದರೆ ಎರಡೇ ತುಂಡು ಚರ್ಮದ ಚೆಂಡು. ಬರೀ ಬ್ಯಾಟಿಂಗ್ ಮಾಡುವವನಿಗೆ ಇದರಿಂದ ಒಂದು ನಷ್ಟ, ಆಲ್‌ರೌಂಡರ್‌ಗೆ ಎರಡು. ಹಾಗಾಗಿ ರಾಜ್ಯ ಮಟ್ಟದ ಆಯ್ಕೆಗೆ ಹೋಗಬೇಕೆನ್ನುವ ಆಲ್‌ರೌಂಡರ್ ಹೊಸ ಬ್ಯಾಟಿಗಿಂತ ಮೊದಲು ಈ ಚೆಂಡಿಗೆ ದುಡ್ಡು ಹಾಕಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇದು ಮೀರತ್‌ನ ಎಸ್‌ಜಿ ಕಂಪನಿಯ ಚೆಂಡು, ಫೋರ್ ಪೀಸ್. ಒಳಗೆ ಕಾರ್ಕ್, ಅದರ ಮೇಲೆ ಬಿಗಿಯಾಗಿ ಸುತ್ತಿದ ನೂಲು, ಹೊರಗೆ ನಾಲ್ಕು ತುಂಡು ಚರ್ಮ. ಆರು ಸಾಲು ಹೊಲಿಗೆಯೂ ಕೈಯದ್ದೇ. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನಲ್ಲಿ ಒಳಗಿನ ಎರಡು ಸಾಲಷ್ಟೇ ಕೈಹೊಲಿಗೆ, ಉಳಿದದ್ದು ಯಂತ್ರದ ಕೆಲಸ. ಎಸ್‌ಜಿಯ ಸೀಮ್ (ಹೊಲಿಗೆಯ ಉಬ್ಬು ಗೆರೆ) ಎತ್ತರವಾಗಿದ್ದು ಬಹಳ ಓವರ್‌ವರೆಗೆ ಕೂರದೆ ಇರುವುದಕ್ಕೆ ಕಾರಣ ಪೂರ್ತಿ ಕೈಹೊಲಿಗೆಯೇ. ಬೆರಳಿಟ್ಟರೆ ದಾರದ ಉಬ್ಬು ಸ್ಪಷ್ಟವಾಗಿ ಸಿಗುತ್ತದೆ, ಸ್ಪಿನ್ನರ್‌ಗೆ ಹಿಡಿತ ಜಾರುವುದಿಲ್ಲ.

ದೇಶಿ ಕ್ರಿಕೆಟ್‌ನ ಆಲ್‌ರೌಂಡರ್ ಕೈಗೆ ಹೊಸ ಚೆಂಡು ಬರುವುದು ಅಪರೂಪ. ಮೂರನೆಯ ಅಥವಾ ನಾಲ್ಕನೆಯ ಬೌಲರ್ ಆಗಿ ಬರುವ ಹೊತ್ತಿಗೆ ಮೇಲಿನ ಹೊಳಪಿನ ಲೇಪ (ಲ್ಯಾಕರ್) ಹೋಗಿ, ಒಂದು ಮಗ್ಗುಲು ಒರಟಾಗಿರುತ್ತದೆ. ಬ್ಯಾಟಿಂಗ್‌ನಲ್ಲಿ ಇದಕ್ಕೆ ತದ್ವಿರುದ್ಧ: ಆರು, ಏಳನೆಯ ಕ್ರಮಾಂಕದಲ್ಲಿ ಇಳಿದವನು ಎಷ್ಟೋ ಸಲ 80 ಓವರ್ ಕಳೆದು ಎರಡನೆಯ ಹೊಸ ಚೆಂಡು ತೆಗೆದುಕೊಳ್ಳುವ ವೇಳೆಗೇ ಕ್ರೀಸ್‌ನಲ್ಲಿರುತ್ತಾನೆ. ಹಳೆಯದರಲ್ಲಿ ಬೌಲಿಂಗ್, ಹೊಸದರಲ್ಲಿ ಬ್ಯಾಟಿಂಗ್. 1995-96ರ ರಣಜಿ ಋತುವಿನಲ್ಲಿ ಗದಗಿನ ಸುನಿಲ್ ಜೋಶಿ 500ಕ್ಕೂ ಹೆಚ್ಚು ರನ್, 50 ದಾಟಿ ವಿಕೆಟ್ ಎರಡನ್ನೂ ಒಟ್ಟಿಗೆ ಗಳಿಸಿದರು. ಅಂಥ ಋತು ಬೇಕೆಂದರೆ ಚೆಂಡಿನ ಪ್ರತಿ ವಯಸ್ಸೂ ಕೈಗೆ ಗೊತ್ತಿರಬೇಕು. ಮೂರು ಚೆಂಡು ಇಟ್ಟುಕೊಳ್ಳಿ: ಒಂದು ಹೊಸದು, ಒಂದು 30 ಓವರ್ ಆಡಿದ್ದು, ಇನ್ನೊಂದು 60 ದಾಟಿದ್ದು. ಬೌಲಿಂಗ್ ಹಳೆಯ ಎರಡರಲ್ಲಿ, ಬ್ಯಾಟಿಂಗ್‌ನ ಮೊದಲ 20 ಎಸೆತ ಹೊಸದರಲ್ಲಿ.

ಹೊಸದನ್ನು ಆಡುವ ಮೊದಲು ಬ್ಯಾಟ್ ನೋಡಿಕೊಳ್ಳಿ. ಲಿನ್ಸೀಡ್ ಎಣ್ಣೆ ಸವರಿ, ಮ್ಯಾಲೆಟ್‌ನಿಂದ (ಮರದ ಸುತ್ತಿಗೆ) ನಾಲ್ಕಾರು ಗಂಟೆಯಾದರೂ ತಟ್ಟದ ವಿಲ್ಲೋ ಬ್ಯಾಟಿನ ಅಂಚಿಗೆ ಈ ಸೀಮ್ ಬಿದ್ದರೆ ಗುಳಿ ಖಂಡಿತ, ಕೆಲವೊಮ್ಮೆ ಸಿಬಿರೇ ಏಳುತ್ತದೆ.

ದೋಷವೂ ಇದೆ. ಕೈಯ ಕೆಲಸವಾದ್ದರಿಂದ ಒಂದು ಚೆಂಡಿನಂತೆ ಇನ್ನೊಂದಿರುವುದಿಲ್ಲ. ಕೆಲವು ಬೇಗ ಮೆತ್ತಗಾಗುತ್ತವೆ, ಆಕಾರ ಕೆಡುತ್ತವೆ. 2018ರಲ್ಲಿ ವಿರಾಟ್ ಕೊಹ್ಲಿಯೇ ಇದರ ಗುಣಮಟ್ಟದ ಬಗ್ಗೆ ಬಹಿರಂಗವಾಗಿ ಆಕ್ಷೇಪ ಎತ್ತಿದ್ದರು. ಆದ್ದರಿಂದ ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಆರಿಸುವುದೇ ಒಳ್ಳೆಯದು. ಗಾಜಿನ ಕೌಂಟರ್ ಮೇಲೆ ಸೀಮ್ ನೆಟ್ಟಗಿರುವಂತೆ ನಿಧಾನ ಉರುಳಿಸಿ, ಓಲಾಡಿದರೆ ಬೇಡ. ತಕ್ಕಡಿಯಲ್ಲಿ 156ರಿಂದ 163 ಗ್ರಾಂ ಒಳಗೆ ತೂಗಬೇಕು. ಹೊಲಿಗೆಯುದ್ದಕ್ಕೂ ಹೆಬ್ಬೆರಳಿನ ಉಗುರು ಓಡಿಸಿ, ಎಲ್ಲಾದರೂ ದಾರ ಸಡಿಲವಿದ್ದರೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಕಾಲುಭಾಗದ ಹೊಲಿಗೆಯೂ, ಅಂದರೆ ಪ್ರತಿ ಅರ್ಧದಲ್ಲಿ ಎರಡು ಚರ್ಮದ ತುಂಡು ಸೇರುವ ಗೆರೆಯೂ ಕಾಣಬೇಕು. ಅದಿಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅದು ಟೂ ಪೀಸ್.

ಬೆಲೆ ಟೂ ಪೀಸ್‌ನ ಹಲವು ಪಟ್ಟು. ತೆಂಗಿನ ನಾರಿನ ಮ್ಯಾಟ್ ಮೇಲೆ ಮಾತ್ರ ಆಡುವವರು ಇದನ್ನು ಕೊಳ್ಳಬೇಡಿ. ನಾರು ಚರ್ಮವನ್ನು ಎರಡೂ ಮಗ್ಗುಲಲ್ಲಿ ಒಂದೇ ಸಮ ಕೆರೆಯುತ್ತದೆ, ಸೀಮ್‌ನ ದಾರ ಹಿಂಜುತ್ತದೆ. ಹೊಳಪಿನ ಮಗ್ಗುಲನ್ನು ಉಳಿಸಿಕೊಳ್ಳುವ ವಿದ್ಯೆ ಅಲ್ಲಿ ಕಲಿಯಲು ಆಗುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಟರ್ಫ್ ಅಥವಾ ಗಟ್ಟಿಯಾಗಿ ರೋಲ್ ಮಾಡಿದ ಮಣ್ಣಿನ ಪಿಚ್ ಸಿಗುವವರಿಗೆ ಕೊಟ್ಟ ದುಡ್ಡು ದಕ್ಕುತ್ತದೆ. ಹೊಳಪಿಗೆ ಬೆವರು ಮಾತ್ರ. ಎಂಜಲು 2022ರ ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿಯ ನಿಯಮದಲ್ಲೇ ನಿಷಿದ್ಧ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಇನ್ನಷ್ಟು ಜಾಗ್ರತೆ ವಹಿಸಬೇಕು. ಒದ್ದೆ ಹುಲ್ಲಿನ ಮೇಲೆ ಓಡಿದ ಚೆಂಡು ನೀರು ಕುಡಿದು ಭಾರವಾಗುತ್ತದೆ, ದಾರ ಉಬ್ಬುತ್ತದೆ. ಒಲೆಯ ಹತ್ತಿರವೋ ಬಿಸಿಲಿಗೋ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಹತ್ತಿ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ ಒಂದು ದಿನ ಬಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ಚೆಂಡನ್ನು ಪೆಟ್ಟಿಗೆಯಿಂದ ತೆಗೆಯದೆ, ಹಳೆಯ ಎರಡರಲ್ಲೇ ಅಭ್ಯಾಸ ಸಾಗಿಸಿ.