ನೋವಿಗೆ ಸಮ್ಮೋಹನ ಚಿಕಿತ್ಸೆ: ಜಯನಗರದ ಒಂದು ಕ್ಲಿನಿಕ್ ಕುರಿತು

ಬಹುಕಾಲದಿಂದ ಕಾಡುತ್ತಿರುವ ನೋವಿಗೆ ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಮಾಡಿಸಿಕೊಳ್ಳಬಹುದೇ ಎಂದು ಯೋಚಿಸುತ್ತಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಖಂಡಿತ ಮಾಡಿಸಿಕೊಳ್ಳಬಹುದು, ಆದರೆ ನೋವನ್ನು ಬೇರುಸಹಿತ ಕಿತ್ತುಹಾಕುತ್ತೇವೆ ಎಂದು ಮಾತು ಕೊಡುವವರ ಬಳಿ ಬೇಡ. ಜಯನಗರ 4ನೇ ಬ್ಲಾಕ್‌ನ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ನಾನು ಈ ಚಿಕಿತ್ಸೆ ಪಡೆದೆ. ಅಲ್ಲಿಗೆ ಹೋಗುವ ಮೊದಲು ಇದ್ದ ಉರಿ ಈಗಲೂ ಇದೆ. ಆದರೆ ಉರಿ ಏಳುತ್ತಲೇ ಬರುತ್ತಿದ್ದ ದಿಗಿಲು, ಇಡೀ ರಾತ್ರಿ ಎದ್ದು ಕೂರಿಸುತ್ತಿದ್ದ ಚಡಪಡಿಕೆ, ಮನೆಯವರ ಮೇಲೆಲ್ಲ ಸಿಡುಕುವಂತೆ ಮಾಡುತ್ತಿದ್ದ ಸಂಕಟ ಬಹುಮಟ್ಟಿಗೆ ಇಳಿದಿವೆ. ಅಲ್ಲಿರುವವರು ಒಬ್ಬರೇ ಮನಶ್ಶಾಸ್ತ್ರಜ್ಞೆಯಾದ್ದರಿಂದ ಕ್ಲಿನಿಕ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದುಗರು ತಮ್ಮ ಬಡಾವಣೆಯ ಯಾವುದೇ ಕೇಂದ್ರವನ್ನು ಅಳೆದು ನೋಡಲು ಅನುಕೂಲವಾಗುವಂತೆ ಚಿಕಿತ್ಸೆಯ ಬಗೆಯನ್ನೇ ವಿವರವಾಗಿ ಹೇಳುತ್ತೇನೆ.

ನನ್ನದು ಸರ್ಪಸುತ್ತು ಬಿಟ್ಟುಹೋದ ನರದ ನೋವು. ಎಡಪಕ್ಕೆಯ ಬೊಕ್ಕೆಗಳು ಒಣಗಿ ಉದುರಿದ ಮೇಲೂ ನೋವು ಮಾತ್ರ ಉಳಿದುಕೊಂಡಿತು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ನರದ ಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ತಲೆಯೆತ್ತಿ ಆ ನರವನ್ನೇ ಘಾಸಿಗೊಳಿಸುತ್ತದೆ. ಆಮೇಲೆ ಸೀರೆಯ ಸೆರಗು ಸೋಕಿದರೂ ಕೆಂಡ ತಾಗಿದಂತಾಗುತ್ತದೆ. ನರರೋಗ ತಜ್ಞರು ಕೊಟ್ಟ ಪ್ರಿಗ್ಯಾಬಲಿನ್ ಮಾತ್ರೆಯಿಂದ ನೋವು ಅರ್ಧಕ್ಕೆ ಇಳಿದಿತ್ತು. ಉಳಿದ ಅರ್ಧ ಕಾಯಿಲೆಯದು ಎಷ್ಟು, ಅದೇ ವರ್ಷ ತೀರಿಕೊಂಡ ನಮ್ಮ ಯಜಮಾನರ ಅಗಲಿಕೆಯದು ಎಷ್ಟು ಎಂದು ಬಿಡಿಸಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಹಾಗೆ ಬಿಡಿಸಿ ಹೇಳಬೇಕಾದ ಅಗತ್ಯವೂ ಇಲ್ಲವೆಂದು ಆಮೇಲೆ ತಿಳಿಯಿತು. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿಯೇ ನೋವೆಂದರೆ ಇಂದ್ರಿಯಗಳ ಅನುಭವವೂ ಹೌದು, ಭಾವನೆಗಳ ಅನುಭವವೂ ಹೌದು ಎಂದಿದೆ.

ಸಮ್ಮೋಹನವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ವಿದ್ಯುತ್ ಕಂಬಗಳಿಗೆ ಅಂಟಿಸಿದ ವಶೀಕರಣದ ಜಾಹೀರಾತು, ಇಲ್ಲವೇ ವೇದಿಕೆಯ ಮೇಲೆ ಜನರನ್ನು ಕುಣಿಸುವ ಜಾದೂಗಾರ. ಈ ಕಾರಣಕ್ಕೇ ನನ್ನ ತಂಗಿ ಮೊದಲು ಒಪ್ಪಲಿಲ್ಲ. ಆದರೆ ನೋವಿನ ಚಿಕಿತ್ಸೆಯಾಗಿ ಇದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿಯೇ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್ ರೋಗಿಗಳನ್ನು ಮೆಸ್ಮರಿಸಂ ಎಂದು ಆಗ ಕರೆಯುತ್ತಿದ್ದ ವಿಧಾನದಿಂದ ಮಂಪರಿಗೆ ತಂದು ದೊಡ್ಡ ದೊಡ್ಡ ಗೆಡ್ಡೆಗಳನ್ನು ಕತ್ತರಿಸಿ ತೆಗೆದರು. ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯೂ ತೆರೆಯಿತು. 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದ ಮೇಲೆ ಈ ವಿಧಾನ ಹಿಂದೆ ಸರಿಯಿತು. ಇದರಲ್ಲಿ ಮೆಸ್ಮರಿಸಂನವರು ನಂಬಿದ್ದಂತಹ ಕಾಂತಶಕ್ತಿ ಏನೂ ಇಲ್ಲ, ಇರುವುದು ಗಮನದ ಏಕಾಗ್ರತೆ ಎಂದು ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1840ರ ದಶಕದಲ್ಲಿ ವಾದಿಸಿದರು. ಇಂದಿನ ಚಿಕಿತ್ಸಕರು ನಿಂತಿರುವುದು ಹೆಚ್ಚುಕಡಿಮೆ ಆ ನೆಲೆಯ ಮೇಲೆಯೇ.

ಮೊದಲ ಭೇಟಿಯಲ್ಲಿ ಸಮ್ಮೋಹನ ನಡೆಯಲೇ ಇಲ್ಲ, ಮತ್ತು ಈ ಕ್ಲಿನಿಕ್ ಮೇಲೆ ನನಗೆ ನಂಬಿಕೆ ಹುಟ್ಟಿಸಿದ್ದು ಅದೇ. ಮನಶ್ಶಾಸ್ತ್ರಜ್ಞೆ ನರರೋಗ ತಜ್ಞರ ಚೀಟಿ, ಸ್ಕ್ಯಾನ್ ವರದಿ, ಮಾತ್ರೆಗಳ ಪಟ್ಟಿ ಎಲ್ಲವನ್ನೂ ಕೇಳಿ ಪಡೆದು ಓದಿದರು. ಹಿಂದೆ ಎಂದಾದರೂ ಇಲ್ಲದ ದನಿಗಳು ಕೇಳಿಸಿದ್ದುಂಟೆ, ಅಪಸ್ಮಾರವಿದೆಯೆ, ಬದುಕು ಸಾಕೆನಿಸಿದೆಯೆ ಎಂದು ನೇರವಾಗಿಯೇ ಕೇಳಿದರು. ನಾನು ಅದಕ್ಕೂ ಮೊದಲು ಫೋನಿನಲ್ಲಿ ವಿಚಾರಿಸಿದ್ದ ಇನ್ನೊಂದು ಕೇಂದ್ರದವರು ಯಾವ ವರದಿಯನ್ನೂ ಕೇಳದೆ, ಮಾತ್ರೆ ನಿಲ್ಲಿಸಿಯೇ ಬನ್ನಿ, ಪೂರ್ವಜನ್ಮದ ಕಾರಣವನ್ನು ಹುಡುಕಿ ಕೊಡುತ್ತೇವೆ ಎಂದಿದ್ದರು. ಪ್ರಿಗ್ಯಾಬಲಿನ್‌ನಂತಹ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಇನ್ನು ಸಮ್ಮೋಹನದಲ್ಲಿ ಹೊರಬರುವ ನೆನಪುಗಳನ್ನು ನಿಜವೆಂದು ನಂಬುವಂತಿಲ್ಲ. ಇಲ್ಲದ ನೆನಪು ಹುಟ್ಟಿಕೊಳ್ಳುವ ಸಾಧ್ಯತೆಯನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿಕೊಟ್ಟಿದ್ದಾರೆ. ಹೀಗೆ ಮಾತನಾಡುವವರ ಮೆಟ್ಟಿಲು ಹತ್ತಬಾರದು ಎಂದು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ.

ಆ ದಿನವೇ ನಡೆದ ಇನ್ನೊಂದು ಕೆಲಸವೆಂದರೆ ಪರೀಕ್ಷೆ. ಚಾಚಿದ ತೋಳು ಭಾರವಾಗುತ್ತಿದೆ, ಎದುರುಬದುರು ಹಿಡಿದ ಅಂಗೈಗಳು ತಾವಾಗಿಯೇ ಹತ್ತಿರ ಬರುತ್ತಿವೆ ಎಂಬಂತಹ ಸೂಚನೆಗಳಿಗೆ ನಾವು ಎಷ್ಟು ಸ್ಪಂದಿಸುತ್ತೇವೆ ಎಂಬುದನ್ನು ನೋಡುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ನೆಸ್ಟ್ ಹಿಲ್ಗಾರ್ಡ್ ಮತ್ತು ಆಂಡ್ರೆ ವೈಟ್ಸೆನ್‌ಹಾಫರ್ 1959ರಲ್ಲಿ ರೂಪಿಸಿದ ಅಳತೆಗೋಲು ಈ ಬಗೆಯ ಪರೀಕ್ಷೆಗಳಿಗೆ ಮೂಲ. ಎಲ್ಲರೂ ಸಮನಾಗಿ ಸ್ಪಂದಿಸುವುದಿಲ್ಲ: ಪ್ರಯೋಗಶಾಲೆಯಲ್ಲಿ ನೋವು ಉಂಟುಮಾಡಿ ನಡೆಸಿದ 85 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಒಂದು ವಿಶ್ಲೇಷಣೆಯ ಪ್ರಕಾರ, ಚೆನ್ನಾಗಿ ಸ್ಪಂದಿಸುವವರಲ್ಲಿ ನೋವು ಶೇ 42ರಷ್ಟು, ಮಧ್ಯಮವಾಗಿ ಸ್ಪಂದಿಸುವವರಲ್ಲಿ ಶೇ 29ರಷ್ಟು ಇಳಿದರೆ, ಸ್ಪಂದಿಸದವರಿಗೆ ಹೇಳಿಕೊಳ್ಳುವಂತಹ ಪ್ರಯೋಜನವಾಗಲಿಲ್ಲ. ನಾನು ಮಧ್ಯಮವಾಗಿ ಸ್ಪಂದಿಸುವವರ ಗುಂಪಿಗೆ ಸೇರುತ್ತೇನೆ ಎಂದು ಮನಶ್ಶಾಸ್ತ್ರಜ್ಞೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಇಷ್ಟೇ ನಿರೀಕ್ಷೆ ಇಟ್ಟುಕೊಳ್ಳಿ ಎಂದೂ ಹೇಳಿದರು.

ಚಿಕಿತ್ಸೆಯ ಸಮಯದಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಒರಗುಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತಾಗ ಫ್ಯಾನಿನ ಸದ್ದೂ ಕೇಳುತ್ತದೆ, ಬೇಕೆಂದರೆ ಎದ್ದು ಹೋಗಲೂ ಬರುತ್ತದೆ. ಆದರೆ ಎದ್ದು ಹೋಗಬೇಕೆಂದು ಅನ್ನಿಸುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ತಂಪು ಯಾವುದು ಎಂದು ಅವರು ಕೇಳಿದಾಗ, ಶ್ರೀರಂಗಪಟ್ಟಣದ ಸಂಗಮದಲ್ಲಿ ಮಾರ್ಗಶಿರದ ಬೆಳಗಿನ ನೀರು ಎಂದೆ. ಆ ನೀರಿನಲ್ಲಿ ಬಲಗೈ ಮಣಿಕಟ್ಟಿನವರೆಗೆ ಮುಳುಗಿದೆ, ಬೆರಳ ತುದಿ ಮೊದಲು ಚಳಿಗಟ್ಟಿತು, ಈಗ ಮರಗಟ್ಟುತ್ತಿದೆ ಎಂದು ಬಿಡಿಸಿ ಬಿಡಿಸಿ ಹೇಳಿ, ಕೊನೆಗೆ ಆ ಕೈಯನ್ನು ಮೆಲ್ಲಗೆ ಪಕ್ಕೆಯ ಮೇಲೆ ಇಡಿಸಿದರು. ಬಟ್ಟೆ ಸೋಕಿದರೆ ಬೆಚ್ಚಿಬೀಳುತ್ತಿದ್ದ ಜಾಗದ ಮೇಲೆ ನನ್ನದೇ ಅಂಗೈ ಅಷ್ಟು ಹೊತ್ತು ನಿಂತದ್ದು ಸರ್ಪಸುತ್ತು ಎದ್ದ ಮೇಲೆ ಅದೇ ಮೊದಲು. ಕೈಯ ಜೋಮನ್ನು ನೋಯುವ ಕಡೆಗೆ ದಾಟಿಸುವ ಈ ವಿಧಾನ ಸಮ್ಮೋಹನ ಚಿಕಿತ್ಸಕರಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ.

ಇನ್ನೊಂದು ದಿನ ಮಧ್ಯದಲ್ಲಿ ಬೀದಿಗೆ ತರಕಾರಿಯ ಗಾಡಿ ಬಂತು. ಟೊಮೆಟೊ, ಈರುಳ್ಳಿ ಎಂದು ಧ್ವನಿವರ್ಧಕ ಕಿಟಕಿಯ ಕೆಳಗೇ ಕೂಗತೊಡಗಿದಾಗ ಎಲ್ಲ ಕೆಟ್ಟಿತು ಎಂದುಕೊಂಡೆ. ಅವರು ದನಿಯನ್ನು ಎತ್ತರಿಸಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ. "ಕೂಗು ಕೇಳಿಸ್ತಿದೆ, ಕೇಳಿಸಲಿ. ಅದು ಬೀದಿಯಲ್ಲಿದೆ, ನೀವು ಇಲ್ಲಿದ್ದೀರಿ. ಗಾಡಿ ಮುಂದಕ್ಕೆ ಹೋಗ್ತಿದೆ. ಪಕ್ಕೆಯ ಉರಿಯೂ ಅದರ ಹಿಂದೇನೇ ಹೋಗಲಿ, ಎಷ್ಟು ದೂರ ಹೋಗುತ್ತೋ ಅಷ್ಟು," ಎಂದರು. ಗಾಡಿ ಮೂಲೆ ತಿರುಗಿತು. ಉರಿ ಇತ್ತು, ಆದರೆ ಅದು ಪಕ್ಕದ ರಸ್ತೆಯ ಸದ್ದಿನ ಹಾಗೆ ನನಗೆ ಸಂಬಂಧಪಡದ ದೂರದಲ್ಲಿ ಇತ್ತು. ರಾತ್ರಿ ನೋವು ಎದ್ದಾಗ ನಾನು ಈಗಲೂ ಬಳಸುವುದು ಇದನ್ನೇ.

ಇದು ಬರೀ ಸಮಾಧಾನದ ಮಾತಲ್ಲ ಎನ್ನುವುದಕ್ಕೆ 1997ರ ಒಂದು ಪ್ರಯೋಗವನ್ನು ನೆನೆಯಬೇಕು. ಮಾಂಟ್ರಿಯಲ್‌ನಲ್ಲಿ ಪಿಯೆರ್ ರೇನ್‌ವಿಲ್ ಮತ್ತು ಸಂಗಡಿಗರು ಸಮ್ಮೋಹನದಲ್ಲಿದ್ದವರ ಕೈಯನ್ನು 47 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇರಿಸಿ, ನೋವಿನ ಅಹಿತ ಮಾತ್ರ ಹೆಚ್ಚುವಂತೆ ಅಥವಾ ತಗ್ಗುವಂತೆ ಸೂಚನೆ ಕೊಟ್ಟರು. ಮಿದುಳಿನಲ್ಲಿ ಭಾವಕ್ಕೆ ಸಂಬಂಧಿಸಿದ ಸಿಂಗ್ಯುಲೇಟ್ ಭಾಗದ ಚಟುವಟಿಕೆ ಅದಕ್ಕೆ ತಕ್ಕಂತೆ ಏರಿಳಿಯಿತು. ಸ್ಪರ್ಶವನ್ನು ದಾಖಲಿಸುವ ಭಾಗ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅಂದರೆ ಬಿಸಿ ಬಿಸಿಯಾಗಿಯೇ ಇತ್ತು, ಅದರ ಸಂಕಟ ಬದಲಾಗಿತ್ತು. ಮುಂದೆ ನಡೆದ ಅಧ್ಯಯನದಲ್ಲಿ ನೋವಿನ ತೀವ್ರತೆಯನ್ನೇ ಕುರಿತು ಸೂಚನೆ ಕೊಟ್ಟಾಗ ಸ್ಪರ್ಶದ ಭಾಗವೂ ಬದಲಾಯಿತು. ಆದ್ದರಿಂದ ಯಾವ ಮಾತನ್ನು ಆಡುತ್ತಾರೆ ಎನ್ನುವುದರ ಮೇಲೆ ಫಲ ನಿಂತಿದೆ, ಮತ್ತು ನನಗೆ ಬೇಕಾದ ಮಾತು ನಾನು ಮನೆಯಲ್ಲಾಡುವ ಕನ್ನಡದಲ್ಲಿಯೇ ಸಿಕ್ಕಿದ್ದು ಈ ಕ್ಲಿನಿಕ್‌ನ ದೊಡ್ಡ ಗುಣ. ಚುಚ್ಚುತ್ತದೆಯೋ, ಸೆಳೆಯುತ್ತದೆಯೋ, ಉರಿಯುತ್ತದೆಯೋ ಎಂದು ಕೇಳಿ ಬರೆದುಕೊಂಡು, ಅದೇ ಮಾತುಗಳನ್ನು ಚಿಕಿತ್ಸೆಯಲ್ಲಿ ಬಳಸಿದರು.

ಮನಸ್ಸಿನ ನೋವಿನ ವಿಷಯದಲ್ಲಿ ಅವರು ಇನ್ನೂ ಎಚ್ಚರದಿಂದ ನಡೆದುಕೊಂಡರು. ಯಜಮಾನರ ಕೊನೆಯ ದಿನಗಳನ್ನು ಮರೆಸಿಬಿಡಿ ಎಂದು ನಾನು ಕೇಳಿದ್ದುಂಟು. "ಮರೆಸೋಕೆ ಆಗೋದಿಲ್ಲ ಅಮ್ಮ, ಮರೆಸೋದು ಒಳ್ಳೇದೂ ಅಲ್ಲ. ನಿದ್ದೆ ಕೆಡಿಸ್ತಿರೋದು ಯಾವುದು, ಅದನ್ನಷ್ಟೇ ನೋಡೋಣ," ಎಂದರು. ಕೆಡಿಸುತ್ತಿದ್ದದ್ದು ಐಸಿಯುನ ಯಂತ್ರದ ಬೀಪ್ ಸದ್ದು. ಅದನ್ನು ಮುಟ್ಟುವ ಮುನ್ನ ಹಲವು ಭೇಟಿಗಳಲ್ಲಿ ಬರೀ ಉಸಿರು, ಯಜಮಾನರು ಕೂರುತ್ತಿದ್ದ ಬೆತ್ತದ ಕುರ್ಚಿ, ಹಿತ್ತಿಲಿನಲ್ಲಿ ಬೆಳೆಸಿದ್ದ ದೊಡ್ಡಪತ್ರೆ, ಇಂತಹ ನೆಮ್ಮದಿಯ ನೆಲೆಗಳನ್ನೇ ಗಟ್ಟಿ ಮಾಡಿಸಿದರು. ಅಳು ಬಂದಾಗ ತಡೆಯಲಿಲ್ಲ. ದುಃಖ ಕಡಿಮೆಯಾಗಿದೆ ಎಂದು ನಾನು ಹೇಳಲಾರೆ, ಹೇಳಲು ಇಷ್ಟವೂ ಇಲ್ಲ. ಆದರೆ ದುಃಖ ಬಂದ ರಾತ್ರಿ ಪಕ್ಕೆಯೂ ಹೊತ್ತಿ ಉರಿಯುತ್ತಿದ್ದ ಆ ಜೋಡಿ ಕಳಚಿದೆ. ಆಳವಾದ ಖಿನ್ನತೆ ಇರುವವರಿಗೆ ಇದೊಂದೇ ಸಾಲದೆಂದು, ಅಂಥವರನ್ನು ತಾವು ಮನೋವೈದ್ಯರ ಬಳಿಗೆ ಕಳುಹಿಸುವುದಾಗಿ ಅವರೇ ತಿಳಿಸಿದರು. ಅಪರಾತ್ರಿಯಲ್ಲಿ ಮನಸ್ಸು ಕೈಮೀರಿದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಗೋಡೆಯ ಮೇಲೆ ಹಾಕಿದ್ದಾರೆ.

ಕೊರತೆಗಳೂ ಇವೆ. ಮನೆಯಲ್ಲಿ ಕೇಳಲೆಂದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಧ್ವನಿಮುದ್ರಣ ಎಲ್ಲರಿಗೂ ಒಂದೇ. ಯಾರೋ ಕಾಗದ ನೋಡಿ ಓದಿದಂತಹ ಗ್ರಾಂಥಿಕ ಭಾಷೆ, ಅದರ ಮೇಲೆ ಮಾತೇ ಕೇಳದಷ್ಟು ಕೊಳಲು. ಕೋಣೆಯಲ್ಲಿ ಅಷ್ಟು ಕಾಳಜಿಯಿಂದ ಮಾತು ಆರಿಸುವವರು ಇದನ್ನು ಹೀಗೆ ಬಿಟ್ಟಿರುವುದು ಸರಿಯಲ್ಲ. ನಾನು ಕೇಳಿಕೊಂಡ ಮೇಲೆ ಒಂದು ಭೇಟಿಯನ್ನು ನನ್ನ ಫೋನಿನಲ್ಲಿಯೇ ಮುದ್ರಿಸಿಕೊಳ್ಳಲು ಬಿಟ್ಟರು. ನೀವೂ ಕೇಳಿ ಪಡೆಯಿರಿ. ಹೊರಗೆ ಕುಳಿತ ಹುಡುಗಿ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಪ್ಯಾಕೇಜ್ ತೆಗೆದುಕೊಳ್ಳಿ ಎಂದು ಒತ್ತಾಯಿಸಿದ್ದು ನನಗೆ ಹಿಡಿಸಲಿಲ್ಲ. ಸ್ಪಂದಿಸದವರಿಗೆ ಫಲ ಕಡಿಮೆ ಎಂದು ಒಳಗೆ ಹೇಳುತ್ತಾ ಹೊರಗೆ ಮುಂಗಡ ಕೇಳುವುದು ನ್ಯಾಯವಲ್ಲ. ನರರೋಗ ತಜ್ಞರಿಗೆ ಕೊಡಲು ಚಿಕಿತ್ಸೆಯ ಸಾರಾಂಶ ಪತ್ರ ಸಿಗಲು ಬಹಳ ಸಲ ಕೇಳಬೇಕಾಯಿತು.

ಮೊದಲ ಭೇಟಿಗೆ 2,500 ರೂಪಾಯಿ, ಅನಂತರ ಪ್ರತಿ ಬಾರಿ 1,800 ರೂಪಾಯಿ ತೆತ್ತಿದ್ದೇನೆ. ನನ್ನ ಆರೋಗ್ಯ ವಿಮೆಯಲ್ಲಿ ಇದು ಮರಳಿ ಬರಲಿಲ್ಲ. ನಿವೃತ್ತಿ ವೇತನದಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ನಾಲ್ಕಾರು ಭೇಟಿಗಳಲ್ಲಿ ವಿದ್ಯೆಯನ್ನು ರೋಗಿಯ ಕೈಗೇ ಕೊಟ್ಟು ಕಳುಹಿಸುವುದು ಅವರ ಪದ್ಧತಿಯಾದ್ದರಿಂದ ಹಣ ಸಾರ್ಥಕವೆನಿಸಿತು. ನೀವು ಎಲ್ಲಿಗೇ ಹೋಗಿ, ಚಿಕಿತ್ಸಕರು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಅಥವಾ ಮನೋವೈದ್ಯರೇ ಎಂದು ವಿಚಾರಿಸಿ. ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಸಾಲದು. ಹೊಸದಾಗಿ ಕಾಣಿಸಿಕೊಂಡ ನೋವಿಗೆ, ಅದರಲ್ಲೂ ಎದೆನೋವಿಗೆ, ಮೊದಲು ವೈದ್ಯರನ್ನೇ ಕಾಣಬೇಕು. ಕ್ಲಿನಿಕ್ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಮಂಡಿನೋವಿರುವವರು ಫೋನಿನಲ್ಲಿ ಮೊದಲೇ ತಿಳಿಸಿದರೆ ಕೆಳಗಿನ ದಂತವೈದ್ಯರ ಕೋಣೆಯಲ್ಲಿ ಬುಧವಾರ ಬೆಳಿಗ್ಗೆ ನೋಡುತ್ತಾರೆ, ಮತ್ತು ಆ ಸಮಯ ಸಾಮಾನ್ಯವಾಗಿ ಖಾಲಿ ಇರುತ್ತದೆ.