ಕ್ಯಾವರ್ನ್ ಡೈವಿಂಗ್: ಈಗಲೇನಾ, ಸ್ವಲ್ಪ ಕಾಯುವುದಾ?
ಕ್ಯಾವರ್ನ್ ಡೈವಿಂಗ್ ಅಂದರೆ ನೀರೊಳಗಿನ ಗುಹೆಯಲ್ಲಿ ಬಾಗಿಲಿನ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗುವ ಡೈವಿಂಗ್. ಅದಕ್ಕೆ ನೀವು ಸಿದ್ಧರಾ ಅಂತ ತಿಳಿಯಲು, ಎಷ್ಟು ಡೈವ್ ಆಗಿದೆ ಅನ್ನೋದಕ್ಕಿಂತ ನಿಮ್ಮ ಕಾಲು ಏನು ಮಾಡುತ್ತಿದೆ ಅಂತ ನೋಡಿ. ತೆರೆದ ನೀರಲ್ಲಿ ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ತಳಕ್ಕೆ ತಾಗಿದರೆ ಸ್ವಲ್ಪ ಮಣ್ಣು ಏಳುತ್ತದೆ, ಅಷ್ಟೇ. ಕ್ಯಾವರ್ನ್‌ನಲ್ಲಿ ಅದೇ ಹೂಳು ಎದ್ದು ಬಾಗಿಲಿನ ಬೆಳಕನ್ನೇ ಮುಚ್ಚಿಬಿಡಬಹುದು, ತಲೆಯ ಮೇಲೆ ಬಂಡೆ ಇರುವುದರಿಂದ ನೇರ ಮೇಲಕ್ಕೆ ಹೋಗಲೂ ಆಗುವುದಿಲ್ಲ, ಆಗ ಹೊರಗಿನಿಂದ ಎಳೆದುಕೊಂಡು ಬಂದ ಹಗ್ಗವೊಂದೇ ಹೊರಬರುವ ದಾರಿ. ಗಾಳಿಯ ಲೆಕ್ಕವೂ ಬೇರೆ. ಹೊರಗೆ ಸಿಲಿಂಡರ್‌ನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿಸಿಕೊಂಡು ಮೇಲೆ ಬಂದರೆ ಸಾಕು ಅಂತೀವಿ ಅಲ್ವಾ? ಒಳಗೆ ಮೂರನೇ ಒಂದು ಭಾಗದ ನಿಯಮ, ಅಂದರೆ ಗಾಳಿಯ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮೀಸಲು: 200 ಬಾರ್‌ನಿಂದ ಶುರು ಮಾಡಿದರೆ ಸುಮಾರು 135ಕ್ಕೆ ತಿರುಗಲೇಬೇಕು. ಕೋರ್ಸ್ ಮಾಡದೆ ಸುಮ್ನೆ ಗೆಳೆಯರ ಹಿಂದೆ ನುಗ್ಗುವುದಂತೂ ಬೇಡವೇ ಬೇಡ. ಮಾಸ್ಕ್ ತೆಗೆದು ಹಾಕುವಾಗಲೂ ಏರಿಳಿಯದೆ ಇದ್ದಲ್ಲೇ ತೇಲುತ್ತೀರಾ? ಕೋರ್ಸ್ ಸೇರಿ. ಇಲ್ಲವಾದರೆ ಇನ್ನಷ್ಟು ದಿನ ಹೊರಗೇ ಫ್ರಾಗ್ ಕಿಕ್ (ಹೂಳು ಏಳದಂತೆ ಕಪ್ಪೆಯ ಹಾಗೆ ಕಾಲು ಬಡಿಯುವುದು) ಅಭ್ಯಾಸ ಮಾಡಿ.